ಮನೆಗೆ ಅಂಟಿದ ಬೀಡಿ ಹೊಗೆಯ ವಾಸನೆ: ಬಿಡಿಸುವ ಬಗೆ

(ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೈತರು ಸೇರಿದ್ದ ಸಭೆಯಲ್ಲಿ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣ)



ಗೊಬ್ಬರದ ವಿಷಯ, ಮಾವಿನ ಹೂವಿಗೆ ಬೀಳುವ ಜಿಗಿಹುಳುವಿನ ವಿಷಯ ಹೇಳಲು ಬಲ್ಲವರು ಈ ಸಭೆಯಲ್ಲಿ ಬಹಳ ಮಂದಿ ಇದ್ದಾರೆ. ನನಗೆ ಬಂದಿರುವುದು ಚಿಕ್ಕ ವಿಷಯ. ಮನೆಯೊಳಗೆ ಸೇರಿಕೊಂಡ ಬೀಡಿ, ಸಿಗರೇಟಿನ ವಾಸನೆಯನ್ನು ಹೋಗಲಾಡಿಸುವುದು ಹೇಗೆ ಎಂಬುದು. "ಇದಕ್ಕೂ ಒಂದು ಭಾಷಣ ಬೇಕೇ ನರ್ಸಮ್ಮ? ಎರಡು ಊದುಕಡ್ಡಿ ಹಚ್ಚಿದರೆ ಆಯಿತು" ಎಂದು ಬಾಗಿಲಲ್ಲೇ ಒಬ್ಬರು ನಕ್ಕರು. ಅವರ ಮೇಲೆ ನನಗೆ ಬೇಸರವಿಲ್ಲ. ನಾನೂ ಒಂದು ಕಾಲದಲ್ಲಿ ಹಾಗೆಯೇ ತಿಳಿದಿದ್ದೆ. ಆ ತಪ್ಪಿನಿಂದ ಏನಾಯಿತು ಎಂಬುದನ್ನು ಮೊದಲು ಹೇಳಿ, ಆಮೇಲೆ ಕೆಲಸದ ಮಾತಿಗೆ ಬರುತ್ತೇನೆ.

ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ನಡುಮನೆಯ ಪಕ್ಕದ ಕೋಣೆ ನಮ್ಮ ಮಾವನವರದು. ನಲವತ್ತು ವರ್ಷ ಆ ಕೋಣೆಯಲ್ಲಿಯೇ ಕುಳಿತು ದಿನಕ್ಕೊಂದು ಕಟ್ಟು ಬೀಡಿ ಸೇದಿದವರು ಅವರು. ನಮ್ಮ ಮಗಳು ಚೊಚ್ಚಲ ಹೆರಿಗೆಗೆ ಬರುವ ಹೊತ್ತಾಯಿತು. ಬಚ್ಚಲಿಗೆ ಹತ್ತಿರವಾದ, ಬಾಣಂತಿಗೆ ಅನುಕೂಲವಾದ ಕೋಣೆ ಅದೊಂದೇ. ಮಾವನವರು ತಾವಾಗಿಯೇ, "ಮೊಮ್ಮಗಳಿಗೆ ಬಿಟ್ಟುಕೊಡೋಣ, ನಾನು ಪಡಸಾಲೆಯಲ್ಲಿ ಮಲಗುತ್ತೇನೆ" ಎಂದರು. ದೊಡ್ಡ ಮನಸ್ಸು. ನಾವು ಕೋಣೆ ಗುಡಿಸಿ, ಸಾಂಬ್ರಾಣಿ ಹಾಕಿ, ಇದ್ದ ಗೋಡೆಯ ಮೇಲೆಯೇ ಒಂದು ಕೈ ಸುಣ್ಣ ಬಳಿಸಿದೆವು. ಕೋಣೆ ಬೆಳ್ಳಗೆ ಹೊಳೆಯಿತು. ಮಗಳು ಬಂದಳು.

ನಾಲ್ಕು ದಿನ ಏನೂ ತೋರಲಿಲ್ಲ. ಐದನೆಯ ರಾತ್ರಿ ಜೋರು ಮಳೆ ಬಂತು. ಕಿಟಕಿ, ಬಾಗಿಲು ಮುಚ್ಚಿ ಮಲಗಿದೆವು. ಬೆಳಗ್ಗೆ ನೋಡಿದರೆ ಬಿಳಿಯ ಗೋಡೆಯ ಮೇಲೆ ಅಲ್ಲಲ್ಲಿ ಹಳದಿ ಕಲೆ ಮೂಡಿದೆ. ಮಗಳು ಮೂಗಿಗೆ ಸೆರಗು ಹಿಡಿದು ಕುಳಿತಿದ್ದಾಳೆ. "ಅಮ್ಮ, ತಾತ ಇಲ್ಲೇ ಕೂತು ಸೇದುತ್ತಿದ್ದಾರೆ ಅನ್ನಿಸುತ್ತದೆ" ಎಂದಳು. ತಾತ ಆಗ ತೋಟದಲ್ಲಿದ್ದರು. ಊರೂರು ಅಲೆದು ಬಾಣಂತಿಯರಿಗೂ ಕೂಸುಗಳಿಗೂ ಬುದ್ಧಿ ಹೇಳುತ್ತಿದ್ದ ನರ್ಸಮ್ಮನ ಮನೆಯ ಪಾಡು ಇದು.

ಹಾಗಾದರೆ ಆ ವಾಸನೆ ಎಲ್ಲಿತ್ತು? ದೀಪದ ಗೂಡನ್ನು ತಾವು ನೋಡಿದ್ದೀರಿ. ದೀಪ ಆರಿದ ಮೇಲೂ ಮಸಿ ಗೂಡಿನಲ್ಲಿಯೇ ಉಳಿಯುತ್ತದೆ. ಬೀಡಿಯ ಹೊಗೆಯೂ ಅಷ್ಟೇ. ಕಣ್ಣಿಗೆ ಕಾಣದಂತಾದ ಮಾತ್ರಕ್ಕೆ ಅದು ಹೋಯಿತೆಂದು ತಿಳಿಯಬಾರದು. ಹೊಗೆಯಲ್ಲಿ ಅತಿ ಸಣ್ಣ ಕಣಗಳಿವೆ, ಅಂಟಾದ ಟಾರ್ ಇದೆ, ನಿಕೋಟಿನ್ ಎಂಬ ವಿಷವಿದೆ. ಇವು ಗೋಡೆ, ಸೂರು, ಹಾಸಿಗೆ, ಕಂಬಳಿ, ಕಿಟಕಿಯ ಪರದೆ, ಫ್ಯಾನಿನ ರೆಕ್ಕೆ ಇವುಗಳ ಮೇಲೆ ದಿನದಿನವೂ ಒಂದೊಂದು ಪದರವಾಗಿ ಕೂರುತ್ತವೆ. ಸೆಕೆಯಾದಾಗ, ಗಾಳಿ ತೇವವಾದಾಗ ಅದೇ ಪದರದಿಂದ ಮತ್ತೆ ಹೊರಗೆ ಬರುತ್ತವೆ. ಮಳೆಯ ರಾತ್ರಿ ನಮ್ಮ ಕೋಣೆ ನಾರಿದ್ದು ಇದೇ ಕಾರಣಕ್ಕೆ. ನಾವು ಪದರವನ್ನು ತೆಗೆಯದೆ ಅದರ ಮೇಲೆ ಸುಣ್ಣ ಹೊದಿಸಿದ್ದೆವು. ಅದು ಸುಣ್ಣವನ್ನೂ ದಾಟಿ ಬಂತು.

ಈ ವಿಷಯವನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಹೊಗೆ ಸೇದುವವರು ಬಿಟ್ಟುಹೋದ ಮನೆಗಳನ್ನು ಸ್ವಚ್ಛ ಮಾಡಿಸಿ, ಸುಮಾರು ಎರಡು ತಿಂಗಳು ಖಾಲಿ ಬಿಟ್ಟ ಮೇಲೂ, ಸೇದದವರು ಬಂದು ಸೇರಿದಾಗ ಗೋಡೆಯಲ್ಲಿಯೂ ಧೂಳಿನಲ್ಲಿಯೂ ನಿಕೋಟಿನ್ ಇನ್ನೂ ಇತ್ತೆಂದು 2011ರಲ್ಲಿ ಪ್ರಕಟವಾಯಿತು. ಗೋಡೆಗೆ ಅಂಟಿದ ನಿಕೋಟಿನ್ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಂದಿಗೆ ಸೇರಿ ಕ್ಯಾನ್ಸರ್ ತರುವಂಥ ವಸ್ತುಗಳಾಗುತ್ತದೆ ಎಂದು 2010ರಲ್ಲಿಯೇ ಕಂಡುಕೊಂಡಿದ್ದರು. ಆದುದರಿಂದ ವಾಸನೆ ಎಂದರೆ ಬರಿಯ ಮೂಗಿನ ಕಿರಿಕಿರಿಯಲ್ಲ. ವಸ್ತು ಇನ್ನೂ ಮನೆಯಲ್ಲಿದೆ ಎಂದು ನಮಗೆ ಸಾರಿ ಹೇಳುವ ಡಂಗುರ ಅದು. ದೊಡ್ಡವರು ಎದ್ದು ಹೊರಗೆ ಹೋದೇವು. ಕೂಸು ಎಲ್ಲಿಗೆ ಹೋದೀತು? ನೆಲದ ಮೇಲೆ ಅಂಬೆಗಾಲಿಡುತ್ತದೆ, ಗೋಡೆ ಸವರುತ್ತದೆ, ಆ ಕೈಯನ್ನೇ ಬಾಯಿಗಿಡುತ್ತದೆ. ಬಾಣಂತಿ ಕೋಣೆಗೆ ಶೀತ ತಾಕದಿರಲೆಂದು ಕಿಟಕಿಯನ್ನೂ ಮುಚ್ಚಿರುತ್ತೇವೆ.

ಹಳೆಯ ಮನೆಗಳಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಮಾಲೂರಿನ ಹೆಂಚು ಹೊದಿಸಿದ ಸೂರಿನ ಸಂದಿನಲ್ಲಿ ಹೊಗೆ ತಾನೇ ಹೊರಗೆ ಹೋಗುತ್ತಿತ್ತು. ಈಗ ಮೇಲೆ ಆರ್.ಸಿ.ಸಿ. ತಾರಸಿ, ಕಿಟಕಿಗೆ ಗಾಜು, ಸೊಳ್ಳೆಗೆ ಹೆದರಿ ಸಂಜೆಯಾಗುತ್ತಲೇ ಎಲ್ಲವೂ ಬಂದ್. ಒಲೆಯ ಹೊಗೆಯನ್ನು ಅಡಿಗೆಮನೆಯಿಂದ ಅಟ್ಟಲು ನಾವು ಎಷ್ಟು ಪಾಡುಪಟ್ಟೆವು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ಹಳ್ಳಿಗಳಿಗೆ ಬಂತು. 2016ರಿಂದ ಉಜ್ವಲ ಯೋಜನೆಯ ಗ್ಯಾಸ್ ಬಂತು. ಅಡಿಗೆಮನೆಯಿಂದ ಹೊರಗೆ ಹಾಕಿದ ಹೊಗೆಯನ್ನು ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿಕೊಂಡರೆ ಏನು ಬಂತು?

ಇನ್ನು ಕೆಲಸದ ಮಾತು.

ಮೊದಲನೆಯದು, ಮನೆಯೊಳಗೆ ಸೇದುವುದು ನಿಲ್ಲಬೇಕು. ಇದಾಗದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ. ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗಾಗುತ್ತದೆ. ಕಿಟಕಿಯ ಹತ್ತಿರ ನಿಂತು ಸೇದುತ್ತೇನೆ, ಫ್ಯಾನ್ ಹಾಕಿಕೊಳ್ಳುತ್ತೇನೆ ಎಂದರೆ ಸಾಲದು. ಗಾಳಿಯಾಡಿಸುವುದರಿಂದ ಪಕ್ಕದವರಿಗೆ ತಗಲುವ ಹೊಗೆ ಪೂರ್ತಿ ಹೋಗುವುದಿಲ್ಲವೆಂದು ಅಮೆರಿಕದ ಸರ್ಕಾರದ ಮುಖ್ಯ ವೈದ್ಯಾಧಿಕಾರಿ 2006ರ ವರದಿಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ಎರಡನೆಯದು, ಬಟ್ಟೆಬರೆ. ವಾಸನೆಯ ಹೆಚ್ಚಿನ ಪಾಲು ಇರುವುದು ಇಲ್ಲಿಯೇ. ಕೋಣೆಯನ್ನು ಪೂರ್ತಿ ಬರಿದು ಮಾಡಿ. ಹತ್ತಿಯ ದುಪ್ಪಟಿ, ರಗ್ಗು, ಪರದೆಗಳನ್ನು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿಯೆಲ್ಲ ನೆನೆಸಿ, ಬೆಳಗ್ಗೆ ಸೋಪು ಹಾಕಿ ಒಗೆದು, ಬಿಸಿಲಿಗೆ ಹರವಿ. ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ. ನಮ್ಮ ಕಡೆಯ ಕೊಳವೆಬಾವಿಯ ನೀರು ಬಹಳ ಕಡೆ ಗಡಸು. ಬರಿಯ ಸೋಪು ನೊರೆ ಬಿಡುವುದಿಲ್ಲ. ಸೋಡಾ ಹಾಕಿದರೆ ನೀರು ಮೆದುವಾಗಿ ಸೋಪು ಕೆಲಸ ಮಾಡುತ್ತದೆ, ನೀರೂ ಉಳಿಯುತ್ತದೆ. ಆದರೆ ಉಣ್ಣೆಯ ಕಂಬಳಿಗೂ ರೇಷ್ಮೆ ಸೀರೆಗೂ ಸೋಡಾ ಮುಟ್ಟಿಸಬೇಡಿ, ನೂಲು ಹಾಳಾಗುತ್ತದೆ. ಅವಕ್ಕೆ ಅಂಟುವಾಳದ ಕಾಯಿಯ ನೊರೆ, ತಣ್ಣೀರು, ನೆರಳು.

ಹತ್ತಿಯ ಹಾಸಿಗೆ ದಿಂಬುಗಳನ್ನು ಒಗೆಯಲಾಗದು. ಹೊದಿಕೆ ಬಿಚ್ಚಿ ಒಗೆಯಿರಿ. ಹತ್ತಿಯನ್ನು ನಾಲ್ಕು ದಿನ ಬಿಸಿಲಿಗೆ ಹಾಕಿ, ಹಿಂಜಿಸಿ, ಮತ್ತೆ ತುಂಬಿಸಿ. ವಾಸನೆ ತಿಂದು ಕಂದಿಹೋದ ಹತ್ತಿಯಾದರೆ ಆಸೆ ಬಿಡುವುದೇ ಒಳ್ಳೆಯದು. ಮಾವನವರ ಹಾಸಿಗೆಯನ್ನು ನಾವು ಉಳಿಸಲಾಗಲಿಲ್ಲ. ಬಟ್ಟೆ ಹೊದಿಸಿದ ಸೋಫಾ, ಕುರ್ಚಿ ಇದ್ದರೆ ಅಡಿಗೆ ಸೋಡಾ ಉದುರಿಸಿ, ಒಂದು ರಾತ್ರಿ ಬಿಟ್ಟು, ಬ್ರಷ್‌ನಿಂದ ಚೆನ್ನಾಗಿ ಉಜ್ಜಿ ತೆಗೆದು ಬಿಸಿಲಿಗಿಡಿ.

ಮೂರನೆಯದು, ಸೂರು ಮತ್ತು ಗೋಡೆ. ಕೆಲಸ ಮೇಲಿನಿಂದ ಆರಂಭವಾಗಲಿ. ಜೇಡರ ಬಲೆ, ಇಲ್ಲಣ, ಅಟ್ಟದ ಮೇಲಿನ ಹಳೆಯ ಗೋಣಿ, ಕಾಗದ ಇವೆಲ್ಲ ಹೊರಗೆ ಹೋಗಬೇಕು. ಕರೆಂಟಿನ ಮೇನ್ ತೆಗೆದು ಫ್ಯಾನಿನ ರೆಕ್ಕೆ, ದೀಪದ ಬುರುಡೆ, ಸ್ವಿಚ್ಚಿನ ಹಲಗೆಗಳನ್ನು ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮೇನ್ ಹಾಕಿ. ಫ್ಯಾನಿನ ರೆಕ್ಕೆಯಿಂದ ಬರುವ ಕಂದು ಬಣ್ಣದ ಅಂಟನ್ನು ಒಮ್ಮೆ ಬೆರಳಿನಲ್ಲಿ ಮುಟ್ಟಿ ನೋಡಿ. ಬಾಕಿ ಭಾಷಣ ಅದೇ ಮಾಡುತ್ತದೆ.

ಗೋಡೆಯ ಜಾತಿ ನೋಡಿ ಮದ್ದು ಮಾಡಬೇಕು. ಎಣ್ಣೆ ಬಣ್ಣದ ಗೋಡೆ, ಬಾಗಿಲು, ಕಿಟಕಿಗಳನ್ನು ತೊಳೆಯಬಹುದು. ಒಂದು ಬಕೆಟ್ಟು ಬೆಚ್ಚನೆಯ ನೀರಿಗೆ ಒಂದು ಸಣ್ಣ ಹಿಡಿ ವಾಷಿಂಗ್ ಸೋಡಾ, ಸ್ವಲ್ಪ ಸೋಪಿನ ಪುಡಿ. ಸೋಡಾ ಹೆಚ್ಚಾದರೆ ಬಣ್ಣ ಕಿತ್ತುಬರುತ್ತದೆ, ಮೊದಲು ಮೂಲೆಯಲ್ಲಿ ಸ್ವಲ್ಪ ಉಜ್ಜಿ ನೋಡಿ. ಕೈಗೆ ರಬ್ಬರ್ ಚೀಲ ಇರಲಿ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ. ಮೇಲಿನಿಂದ ಉಜ್ಜಿದರೆ ಕೊಳೆನೀರು ಒಣಗೋಡೆಯ ಮೇಲೆ ಇಳಿದು ಗೆರೆ ಬೀಳುತ್ತದೆ. ಆಮೇಲೆ ಇನ್ನೊಂದು ಬಕೆಟ್ಟಿನ ಒಳ್ಳೆಯ ನೀರಿನಲ್ಲಿ ಬಟ್ಟೆ ಹಿಂಡಿ ಮೇಲಿನಿಂದ ಕೆಳಕ್ಕೆ ಒರೆಸಿ. ಕೊಡದಿಂದ ಸುರಿದು ತೊಳೆಯುವ ಅಗತ್ಯವಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿ ಕೊರೆದು ನೀರು ತರುವ ಜಿಲ್ಲೆ ನಮ್ಮದು. ಹಿಂಡಿದ ಬಟ್ಟೆಯೇ ಸಾಕು, ನೀರು ಕಂದು ಬಣ್ಣಕ್ಕೆ ತಿರುಗಿದಾಗಲೆಲ್ಲ ಬದಲಾಯಿಸಿ. ಆ ಕೊಳೆನೀರನ್ನು ದನದ ತೊಟ್ಟಿಗಾಗಲಿ ಸೊಪ್ಪಿನ ಮಡಿಗಾಗಲಿ ಹೋಗಗೊಡಬೇಡಿ.

ಸುಣ್ಣದ ಗೋಡೆಯನ್ನು ತೊಳೆಯಲಾಗುವುದಿಲ್ಲ. ಅದನ್ನು ಕೆರೆಯಬೇಕು. ನಾವು ಮೊದಲ ಸಲ ತಪ್ಪಿದ್ದು ಇಲ್ಲಿಯೇ. ಗೋಡೆಗೆ ಸ್ವಲ್ಪ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಳೆಯ ಸುಣ್ಣದ ಹಕ್ಕಳೆ ಎಲ್ಲವನ್ನೂ ತಗಡಿನಿಂದ ಕೆರೆದು ಉದುರಿಸಿ. ಉದುರಿದ್ದನ್ನು ಗೋಣಿಗೆ ತುಂಬಿ ಹೊರಗೆ ಹಾಕಿ. ನಾಲ್ಕು ದಿನ ಕಿಟಕಿ ತೆರೆದು ಗೋಡೆ ಒಣಗಲಿ. ಸುಣ್ಣದ ಕಲ್ಲನ್ನು ಹಿಂದಿನ ದಿನವೇ ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಕೈಗೆ ಹತ್ತದಂತೆ ಸ್ವಲ್ಪ ಗೋಂದು ಬೆರೆಸಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಎರಡು ಮೂರು ಕೈ ಬಳಿಯಿರಿ. ಅರಳುವ ಸುಣ್ಣ ಕುದಿಯುತ್ತದೆ, ಮಕ್ಕಳು ದೂರವಿರಲಿ. ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆದು ಆಸ್ಪತ್ರೆಗೆ ಬನ್ನಿ. ಮಣ್ಣಿನ ಗೋಡೆಯಾದರೆ ಮೇಲಿನ ಸಾರಣೆ ಕೆರೆದು ಹೊಸ ಕೆಮ್ಮಣ್ಣಿನ ಸಾರಣೆ ಕೊಟ್ಟು ಆಮೇಲೆ ಸುಣ್ಣ. ಹೆಂಚಿನ ಸೂರಾದರೆ ಮಳೆಗೆ ಮುಂಚೆ ಹೆಂಚು ತಿರುವಿ ಹಾಕುವ ದಿನ ಒಳಮೈಯನ್ನು ಉಜ್ಜಿಬಿಡಿ. ಯುಗಾದಿಗೆ ಮನೆ ಬಳಿಯುವವರು ಅದರೊಂದಿಗೇ ಇದನ್ನು ಮುಗಿಸಬಹುದು, ಬಿಸಿಲೂ ಚೆನ್ನಾಗಿರುತ್ತದೆ. ಬಾಣಂತಿ ಬರುವ ಕೋಣೆಯಾದರೆ ಹದಿನೈದು ದಿನ ಮುಂಚೆ ಎಲ್ಲ ಕೆಲಸ ಮುಗಿದಿರಲಿ.

ನಾಲ್ಕನೆಯದು, ಗಾಳಿ. ಎದುರುಬದುರು ಕಿಟಕಿ ಬಾಗಿಲುಗಳನ್ನು ದಿನಕ್ಕೆರಡು ಹೊತ್ತು ತೆರೆದಿಡಿ. ಒಂದೇ ಕಿಟಕಿ ತೆರೆದರೆ ಗಾಳಿ ಒಳಗೆ ಬಂದು ನಿಲ್ಲುತ್ತದೆ, ಎರಡು ತೆರೆದರೆ ಹಾದುಹೋಗುತ್ತದೆ. ಕೊನೆಗೆ ಉಳಿದ ಅಷ್ಟಿಷ್ಟು ವಾಸನೆಗೆ ಒಂದು ಮಂಕರಿಯಲ್ಲಿ ಇದ್ದಿಲು ತುಂಬಿ ಮೂಲೆಯಲ್ಲಿಡಿ, ಸ್ವಲ್ಪ ಹೀರುತ್ತದೆ. ಆದರೆ ಗೋಡೆ ತೊಳೆಯದೆ ಇದ್ದಿಲನ್ನು ನಂಬಿ ಕೂರಬೇಡಿ.

ಮಾಡಬಾರದವು ಎರಡುಂಟು. ಸಾಂಬ್ರಾಣಿ, ಊದುಕಡ್ಡಿಯಿಂದ ವಾಸನೆ ಮುಚ್ಚುತ್ತದೆ, ಹೋಗುವುದಿಲ್ಲ. ಅದೂ ಹೊಗೆಯೇ, ಕೂಸಿನ ಎದೆಗೆ ಒಳ್ಳೆಯದಲ್ಲ. ಎರಡನೆಯದು, ಹುಳು ಮನೆಗೆ ಹೊಡೆಯುವ ಬ್ಲೀಚಿಂಗ್ ಪುಡಿ ಮಿಕ್ಕಿದೆಯೆಂದು ಇದಕ್ಕೆ ಬಳಸಬೇಡಿ. ಅದು ರೋಗದ ಸೋಂಕಿಗೆ ಮದ್ದು, ಬೀಡಿಯ ಅಂಟಿಗಲ್ಲ. ಬಚ್ಚಲು ತೊಳೆಯುವ ಆಸಿಡ್ಡಿನೊಂದಿಗೆ ಅದು ಸೇರಿದರಂತೂ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ.

ಇಷ್ಟೆಲ್ಲ ಹೇಳುವುದು ಸುಲಭ. ಎಲ್ಲಕ್ಕಿಂತ ಕಷ್ಟವಾದುದು ಮೊದಲನೆಯ ಕೆಲಸ, ಮನೆಯ ಹಿರಿಯರಿಗೆ "ಒಳಗೆ ಸೇದಬೇಡಿ" ಎನ್ನುವುದು. ಕಟ್ಟಿದ ಮನೆ ಅವರದು. ಸೊಸೆಯ ಬಾಯಲ್ಲಿ ಈ ಮಾತು ಬಂದರೆ ಮನೆಯಿಂದಲೇ ಹೊರಗೆ ಹಾಕಿದ ಹಾಗೆ ಅವರಿಗೆ ತೋರುತ್ತದೆ. ಸಾವಿರ ಮನೆಗಳಲ್ಲಿ ಹೇಳಿದ ನನಗೆ ನಮ್ಮ ಮಾವನವರ ಮುಂದೆ ಬಾಯಿ ಬರಲಿಲ್ಲ. ಕೋಣೆ ಬಿಟ್ಟುಕೊಟ್ಟರೂ ಅವರು ಪಡಸಾಲೆಯಲ್ಲಿ ಕುಳಿತು ಸೇದುತ್ತಲೇ ಇದ್ದರು, ಹೊಗೆ ಕೋಣೆಗೆ ಬರುತ್ತಲೇ ಇತ್ತು. ಗೋಡೆ ಕೆರೆಯುವ ದಿನ ಅವರೇ ಬಾಗಿಲಲ್ಲಿ ನಿಂತು ಉದುರಿದ ಹಳದಿ ಹಕ್ಕಳೆಗಳನ್ನು ನೋಡಿದರು. ಒಂದನ್ನು ಎತ್ತಿ ಮೂಸಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಹುಳು ಮನೆಗೆ ಹೋಗುವಾಗ ನಾನು ಬೀಡಿ ಆರಿಸಿ, ಕೈ ತೊಳೆದುಕೊಂಡು ಹೋಗುತ್ತಿದ್ದೆ ಕಣಮ್ಮ. ಹುಳುವಿಗೆ ಮಾಡಿದಷ್ಟು ಕೂಸಿಗೆ ಮಾಡಲಿಲ್ಲವಲ್ಲ."

ರೇಷ್ಮೆ ಸಾಕುವ ತಮಗೆ ಈ ಮಾತಿನ ತೂಕ ನಾನು ವಿವರಿಸಬೇಕಾಗಿಲ್ಲ. ಹೊಗೆಸೊಪ್ಪಿನ ಹೊಲದ ಪಕ್ಕದಲ್ಲಿ ಹಿಪ್ಪುನೇರಳೆ ಹಾಕಬಾರದು, ಹುಳು ಮನೆಯಲ್ಲಿ ಬೀಡಿ ಹಚ್ಚಬಾರದು, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಬಾರದು ಎಂದು ತಾವೆಲ್ಲ ಬಲ್ಲಿರಿ. ನಿಕೋಟಿನ್ ಸೋಕಿದ ಸೊಪ್ಪು ತಿಂದ ಹುಳು ಮೇವು ಬಿಡುತ್ತದೆ, ಎದೆ ಉಬ್ಬಿ, ಹಸಿರು ರಸ ಕಕ್ಕಿ, ಮೈ ಕುಗ್ಗಿ ಸಾಯುತ್ತದೆ. ಗೂಡಿನ ಬೆಲೆ ಕಣ್ಣ ಮುಂದಿರುವುದರಿಂದ ನಾವು ಹುಳುವನ್ನು ಕಾಪಾಡುತ್ತೇವೆ. ಕೂಸಿನ ಎದೆಗೆ ಮಾರುಕಟ್ಟೆಯ ಬೆಲೆಯಿಲ್ಲ, ಅದರ ನಷ್ಟ ತಕ್ಷಣಕ್ಕೆ ಕಾಣುವುದೂ ಇಲ್ಲ. ಹೊಗೆ ತುಂಬಿದ ಮನೆಯ ಮಕ್ಕಳಿಗೆ ಕೆಮ್ಮು, ಉಬ್ಬಸ, ಕಿವಿ ಸೋರುವುದು, ನ್ಯುಮೋನಿಯ ಹೆಚ್ಚು. ಇದು ನಮ್ಮೊಂದು ಮನೆಯ ಕಥೆಯೂ ಅಲ್ಲ. 2016-17ರಲ್ಲಿ ದೇಶದಾದ್ಯಂತ ನಡೆದ ತಂಬಾಕು ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ 100ಕ್ಕೆ ಸುಮಾರು 39 ಮಂದಿ ತಮ್ಮ ಮನೆಯೊಳಗೇ ಬೇರೆಯವರ ಹೊಗೆ ಕುಡಿಯುತ್ತಿದ್ದಾರೆಂದು ಕಂಡುಬಂತು. ಬಸ್ಸಿನಲ್ಲಿ, ಕಚೇರಿಯಲ್ಲಿ, ಹೋಟೆಲಿನಲ್ಲಿ ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿದೆ. ನಡುಮನೆಗೆ ಆ ಕಾನೂನು ಬರುವುದಿಲ್ಲ. ಅಲ್ಲಿ ಮನೆಯವರ ಮಾತೇ ಕಾನೂನು.

ಆದುದರಿಂದ ಹಿರಿಯರಿಗೆ ಬರಿಯ "ಬೇಡ" ಹೇಳಬೇಡಿ, ಒಂದು ಜಾಗ ಮಾಡಿಕೊಡಿ. ನಾವು ಅಂಗಳದಾಚೆ ಹೊಂಗೆಮರದ ಕೆಳಗೆ ಕಲ್ಲುಚಪ್ಪಡಿ ಹಾಕಿಸಿ, ಮಳೆಗೆ ನಾಲ್ಕು ತಗಡು ಹೊದಿಸಿದೆವು. ಕಿಟಕಿ ಬಾಗಿಲುಗಳಿಂದ ದೂರ. ಬೆಳಗಿನ ಕಾಫಿಯನ್ನು ಅಲ್ಲಿಗೇ ಕೊಟ್ಟೆವು, ಅವರ ಜೊತೆಗಾರರೂ ಅಲ್ಲಿಗೇ ಬಂದರು. ಸೇದಿ ಬಂದವರು ಕೈ ಬಾಯಿ ತೊಳೆದು, ಹೆಗಲ ಟವೆಲು ಬದಲಾಯಿಸಿದ ಮೇಲೆ ಕೂಸನ್ನು ಎತ್ತಿಕೊಳ್ಳಬೇಕೆಂಬುದು ಮನೆಯ ಕಟ್ಟಳೆಯಾಯಿತು. ಮೊದಲು ಪಾಲಿಸಿದವರು ಮಾವನವರೇ.

ಅವರು ಬೀಡಿ ಬಿಟ್ಟರು ಎಂದು ನಾನು ಸುಳ್ಳು ಹೇಳುವುದಿಲ್ಲ. ಎದ್ದು ಹೋಗಬೇಕಾದ್ದರಿಂದ ಕಟ್ಟು ಹೋಗಿ ದಿನಕ್ಕೆ ಆರೇಳಕ್ಕೆ ಇಳಿಯಿತು. ಆಗ ಅಷ್ಟೇ ಆದದ್ದು. ಪೂರ್ತಿ ಬಿಡಬೇಕೆನ್ನುವವರಿಗೆ ಈಗ ಸಹಾಯ ಉಂಟು. 1800-11-2356 ಎಂಬ ನಂಬರಿಗೆ ಫೋನು ಮಾಡಿದರೆ ಬಿಡುವ ದಾರಿ ಹೇಳಿಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಆ ನಂಬರನ್ನು ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚು ಹಾಕುವಂತೆ 2018ರಲ್ಲಿ ನಿಯಮವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಕೇಳಬಹುದು.

ಮುಗಿಸುತ್ತೇನೆ. ಸೇದುವ ಜಾಗ ಹೊರಗೆ ಹೋಗಲಿ. ಬಟ್ಟೆ ಒಗೆಯಿರಿ. ಗೋಡೆ ತೊಳೆಯಿರಿ, ಇಲ್ಲವೇ ಕೆರೆಯಿರಿ. ಆಮೇಲೆ ಸುಣ್ಣ, ಆಮೇಲೆ ಗಾಳಿ. ಈ ಸಾಲು ತಪ್ಪಿದರೆ ದುಡ್ಡೂ ದಂಡ, ಮೈ ನೋವೂ ದಂಡ. ನಮ್ಮ ಕೋಣೆಗೆ ಒಟ್ಟು ಹಿಡಿದದ್ದು ಹತ್ತು ದಿನ, ಒಂದು ಮೂಟೆ ಸುಣ್ಣ, ಎರಡು ಕೆ.ಜಿ. ಸೋಡಾ, ಒಂದು ಹೊಸ ಹಾಸಿಗೆ. ಮಗಳು ಆ ಕೋಣೆಯಲ್ಲಿಯೇ ಮೂರು ತಿಂಗಳು ಬಾಣಂತನ ಮಾಡಿಸಿಕೊಂಡು ಹೋದಳು. ಈ ಸಲ ಮಳೆ ಬಂದ ರಾತ್ರಿ ಕೋಣೆಯಲ್ಲಿ ಸುಣ್ಣದ ವಾಸನೆ ಬಿಟ್ಟರೆ ಬೇರೊಂದಿರಲಿಲ್ಲ.

ತಾವು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಹೊರಗೆ ಅರ್ಧ ಗಂಟೆ ನಿಂತು, ಆಮೇಲೆ ಬಾಗಿಲು ತೆರೆದು ಒಳಗೆ ಕಾಲಿಡಿ. ಮನೆಯವರ ಮೂಗಿಗೆ ಮನೆಯ ವಾಸನೆ ಹತ್ತುವುದಿಲ್ಲ. ಹೊರಗಿನಿಂದ ಬಂದಾಗ ಹತ್ತುತ್ತದೆ. ಹತ್ತಿದರೆ, ನಾಳೆಯೇ ಮರದ ಕೆಳಗೆ ಒಂದು ಚಪ್ಪಡಿ ಹಾಕಿಸಿ.